ಕಾಣುವುದು ಕನ್ನಡ, ಇರುವುದು ಬೇರೆ

"ಫಾಂಟ್ ಹಾಕಿಕೊಂಡರೆ ಕಾಣಿಸುತ್ತದಲ್ಲ ಮೇಷ್ಟ್ರೇ, ಇನ್ನೇನು ಬೇಕು?" ಎಂಬ ಮಾತನ್ನು ಕಳೆದ ಕೆಲವು ವರ್ಷಗಳಲ್ಲಿ ನಾನು ಎಷ್ಟು ಬಾರಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹೇಳಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಬಂಧುಗಳಿದ್ದಾರೆ, ಮುದ್ರಣಾಲಯದವರಿದ್ದಾರೆ, ಕಚೇರಿಗಳ ಗುಮಾಸ್ತರಿದ್ದಾರೆ. ಎಲ್ಲರೂ ಸಜ್ಜನರೇ. ಆದರೆ ಈ ಮಾತು ಮಾತ್ರ ತಪ್ಪು, ಅಪಾಯಕಾರಿಯಾದ ತಪ್ಪು ಎಂಬುದನ್ನು ಇಂದು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆಂದು ಕುಳಿತಿದ್ದೇನೆ. ಕನ್ನಡ ಮೇಷ್ಟ್ರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎನ್ನುವವರು ಎರಡು ಕಂಡಿಕೆಗಳನ್ನು ಓದಿ ಆಮೇಲೆ ತೀರ್ಮಾನಿಸಬಹುದು. ಇದು ಕಂಪ್ಯೂಟರಿನ ವಿಷಯವೆನ್ನುವುದಕ್ಕಿಂತ ಅಕ್ಷರದ ವಿಷಯ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳೋಣ. ಮಧುರೆ. ಶನಿವಾರ ಶನಿಮಹಾತ್ಮನ ಗುಡಿಗೆ ಬರುವ ಭಕ್ತರಿಗೆಲ್ಲ ಪರಿಚಿತವಾದ ಮೂರಕ್ಷರದ ಹೆಸರು. ಇಪ್ಪತ್ತು ವರ್ಷಗಳ ಹಿಂದೆ ಈ ಹೆಸರನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಉಳಿಸಿದ ಕಡತವನ್ನು ಇಂದು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಏನು ಕಾಣುತ್ತದೆ? ಮೊದಲು ಸ್ಪ್ಯಾನಿಷರು ಸ್ತ್ರೀಲಿಂಗದ ಕ್ರಮಸಂಖ್ಯೆಗೆ ಬಳಸುವ, ಮೇಲಕ್ಕೆತ್ತಿ ಬರೆದ ಪುಟ್ಟ ಎ. ಅನಂತರ ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ. ಅದರ ಹಿಂದೆ ಜರ್ಮನರ ಎರಡು ಚುಕ್ಕಿಯ ಎ. ಮುಂದೆ ಇಂಗ್ಲಿಷಿನ ಝಡ್, ಎಸ್, ಮತ್ತೆ ಓರೆಗೆರೆಯ ಎ, ಮತ್ತೆ ಎರಡು ಚುಕ್ಕಿಯ ಎ, ಒಂದು ಜಿ, ಕೊನೆಗೆ ಫ್ರೆಂಚರ ಗೆರೆಯುಳ್ಳ ಇ. ಒಟ್ಟು ಒಂಬತ್ತು. ಇದರಲ್ಲಿ ಮಧುರೆ ಎಲ್ಲಿದೆ? ಎಲ್ಲಿಯೂ ಇಲ್ಲ. ಕಡತದೊಳಗೆ ಇರುವುದು ಯೂರೋಪಿನ ನಾಲ್ಕಾರು ದೇಶಗಳ ಅಕ್ಷರಗಳ ಸಂತೆ. ಫಾಂಟ್ ಎಂಬ ವೇಷ ತೊಡಿಸಿದಾಗ ಮಾತ್ರ ಅವು ಸಾಲಾಗಿ ನಿಂತು ಮಧುರೆಯಂತೆ ಕಾಣಿಸುತ್ತವೆ. 'ಕನ್ನಡ' ಎಂಬ ಪದವನ್ನು ಹೀಗೆ ಬಿಚ್ಚಿ ನೋಡಿದರೆ ಇನ್ನೂ ಸ್ವಾರಸ್ಯ: ನಕಾರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ, ಅದರ ಒತ್ತಿನ ಜಾಗದಲ್ಲಿ ಜರ್ಮನರ ಜೋಡಿ ಎಸ್. ಕನ್ನಡದ ನಡುವೆ ಪೌಂಡ್ ಕುಳಿತಿರುವುದನ್ನು ಕಂಡು ನಾನು ನಕ್ಕದ್ದುಂಟು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಯೂನಿಕೋಡಿನಲ್ಲಿ ಬರೆದ 'ಮಧುರೆ'ಯೊಳಗೆ ಐದು ಸಂಕೇತಗಳಿವೆ: ಮಕಾರ, ಧಕಾರ, ಉಕಾರದ ಕೊಂಬು, ರಕಾರ, ಎಕಾರದ ಚಿಹ್ನೆ. ಪ್ರತಿಯೊಂದೂ ಕನ್ನಡಕ್ಕೆಂದೇ ಮೀಸಲಾದುದು. ಫಾಂಟ್ ಇಲ್ಲದಿದ್ದರೆ ಡಬ್ಬಿಗಳು ಕಾಣಬಹುದು, ಆದರೆ ಆ ಡಬ್ಬಿಯ ಒಳಗೆ ಇರುವುದು ಮಕಾರವೇ ಹೊರತು ಬೇರೆಯಲ್ಲ. ವ್ಯತ್ಯಾಸ ಇಷ್ಟೇ: ಯೂನಿಕೋಡ್ ಅಕ್ಷರವನ್ನು ಬರೆಯುತ್ತದೆ, ಹಳೆಯ ಪದ್ಧತಿ ಅಕ್ಷರದ ಆಕಾರವನ್ನು ಬರೆಯುತ್ತದೆ. ನುಡಿಯ ಲೆಕ್ಕದಲ್ಲಿ ಮಕಾರವೆಂದರೆ ವಕಾರದ ಮೈಗೆ ಒಂದು ಕೊಂಬು ಅಂಟಿಸಿದ್ದು, ಧಕಾರವೆಂದರೆ ದಕಾರದ ಹೊಟ್ಟೆ ಸೀಳಿದ್ದು. ಒಂದನೆಯ ತರಗತಿಯಲ್ಲಿ ಮಕ್ಕಳಿಗೆ ತಿದ್ದಿಸುವಾಗ ನಾವೂ ಹಾಗೆಯೇ ಹೇಳುತ್ತೇವೆ, ನಿಜ. ಆದರೆ ಎರಡನೆಯ ತರಗತಿಗೆ ಬಂದ ಮಗು ಮಕಾರವನ್ನು ಮಕಾರವೆಂದೇ ತಿಳಿಯುತ್ತದೆ. ನಮ್ಮ ಹಳೆಯ ಕಡತಗಳು ಒಂದನೆಯ ತರಗತಿಯಲ್ಲಿಯೇ ಉಳಿದುಬಿಟ್ಟಿವೆ.

ಕಣ್ಣಿಗೆ ಕಾಣುವುದು ಒಂದೇ ಆಗಿರುವಾಗ ಒಳಗೆ ಏನಿದ್ದರೇನು ಎನ್ನುವವರು ಒಂದು ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಆ ಕಡತಕ್ಕೆ ಹೇಳಿ ನೋಡಲಿ. ನುಡಿಯಲ್ಲಿ ಯಕಾರವು ಅನುಸ್ವಾರದ ಸೊನ್ನೆಯಿಂದ ಆರಂಭವಾಗುವ ನಾಲ್ಕು ತುಂಡುಗಳ ಅಕ್ಷರ. ಆ ಸೊನ್ನೆಯ ಸಂಕೇತ ಇಂಗ್ಲಿಷಿನ ಎ. ಅಕಾರದ ಸಂಕೇತವಾದರೋ ಇಂಗ್ಲಿಷಿನ ಸಿ. ಆದುದರಿಂದ ಯಶೋದೆ ಅನಸೂಯೆಗಿಂತ ಮೊದಲು ಬಂದು ನಿಲ್ಲುತ್ತಾಳೆ. ಮಂಜುಳೆಯೂ ವನಜಾಕ್ಷಿಯೂ ಒಂದೇ ರಾಶಿಯಲ್ಲಿ ಬೆರೆತು ಹೋಗುತ್ತಾರೆ, ಏಕೆಂದರೆ ಇಬ್ಬರ ಹೆಸರೂ ಆರಂಭವಾಗುವುದು ಅದೇ ಸ್ಪ್ಯಾನಿಷ್ ಎ ಇಂದ. ವಕಾರವನ್ನು ಹುಡುಕಿ ಎಂದರೆ ಪುಟದಲ್ಲಿರುವ ಮಕಾರಗಳೆಲ್ಲ ಎದ್ದು 'ಉಪಸ್ಥಿತ' ಎನ್ನುತ್ತವೆ. ಇನ್ನೊಂದು ಚೋದ್ಯ: ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದಾಗಿಸುವ ಇಂಗ್ಲಿಷ್ ಸೌಜನ್ಯವುಳ್ಳ ತಂತ್ರಾಂಶಗಳಲ್ಲಿ 'ಜನ' ಎಂದು ಟೈಪ್ ಮಾಡಿದರೆ ಅದು 'ಆನ' ಎಂದಾಗುತ್ತಿತ್ತು. ಸಣ್ಣ ಡಿ ಜಕಾರ, ದೊಡ್ಡ ಡಿ ಆಕಾರ. ಎಷ್ಟು ಕರಡುಗಳಲ್ಲಿ ಈ 'ಆನ'ರು ಕಾಣಿಸಿಕೊಂಡರೋ ಅಚ್ಚುಕೂಟದವರನ್ನೇ ಕೇಳಬೇಕು.

ಹಾಗೆಂದು ಈ ತಂತ್ರಾಂಶಗಳನ್ನು ಕಟ್ಟಿದವರನ್ನು ನಾನು ಹಳಿಯುವುದಿಲ್ಲ. ಹಳಿಯುವುದು ಕೃತಘ್ನತೆಯಾದೀತು. ಕೆ.ಪಿ. ರಾವ್ ಅವರು 1980ರ ದಶಕದಲ್ಲಿಯೇ ಕನ್ನಡಕ್ಕೊಂದು ತರ್ಕಬದ್ಧವಾದ ಕೀಲಿಮಣೆಯನ್ನು ರೂಪಿಸಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಮನೆ ದೊರೆತಿತ್ತಾದರೂ ನಮ್ಮ ಮೇಜಿನ ಮೇಲಿನ ಗಣಕಗಳಿಗೆ ಆ ಮನೆಯ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ವಿಂಡೋಸಿನಲ್ಲಿ 'ತುಂಗಾ' ಫಾಂಟಿನೊಡನೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕನ್ನಡದಲ್ಲಿ ಒಂದು ಮದುವೆಯ ಕರೆಯೋಲೆ ಅಚ್ಚಾಗಬೇಕಾದರೂ ಯೂರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕುವುದಲ್ಲದೆ ಗತ್ಯಂತರವಿರಲಿಲ್ಲ. ಆಪತ್ಕಾಲದಲ್ಲಿ ಮಾಡಿದ ಉಪಾಯವದು. ನನ್ನ ತಕರಾರು ಇರುವುದು ಆಪತ್ತು ಕಳೆದ ಮೇಲೆಯೂ ಉಪಾಯವನ್ನೇ ಆಚಾರವಾಗಿಸಿಕೊಂಡವರ ಬಗ್ಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಿನಕ್ಸ್ ಗಣಕಗಳಲ್ಲಿ 'ಐಕಾನ್ವ್' ಎಂಬ ಒಂದು ಪುಟ್ಟ ಉಪಕರಣವಿದೆ. ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲಿನ ಆಜ್ಞೆಯನ್ನು ಟೈಪ್ ಮಾಡಬೇಕು: ಯಾವ ಸಂಕೇತದಿಂದ, ಯಾವ ಸಂಕೇತಕ್ಕೆ, ಯಾವ ಕಡತವನ್ನು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಲಿಪಿವ್ಯವಸ್ಥೆಯ ಪಠ್ಯ ಇನ್ನೊಂದಕ್ಕೆ ಪರಿವರ್ತನೆಗೊಳ್ಳುತ್ತದೆ. ಒಂದು ಕಡತಕ್ಕೆ ಬರೆದ ಆಜ್ಞೆಯನ್ನೇ ಸಾವಿರ ಕಡತಗಳಿಗೂ ಅನ್ವಯಿಸಬಹುದು. ಅಂತರ್ಜಾಲ ಬೇಡ, ಹಣ ಬೇಡ, ಯಾರ ಅನುಮತಿಯೂ ಬೇಡ. ನಿನಗೆ ಯಾವ ಯಾವ ಸಂಕೇತಗಳು ಗೊತ್ತು ಎಂದು ಅದನ್ನೇ ಕೇಳಿದರೆ, ಒಂದೇ ಸಂಕೇತದ ಬೇರೆ ಬೇರೆ ಹೆಸರುಗಳೂ ಸೇರಿ ಸಾವಿರಕ್ಕೂ ಮಿಕ್ಕ ಹೆಸರುಗಳ ಪಟ್ಟಿಯನ್ನು ಮುಂದಿಡುತ್ತದೆ. ಆರ್ಮೀನಿಯನ್ ಇದೆ, ಜಾರ್ಜಿಯನ್ ಇದೆ, ಥಾಯ್ ಇದೆ, ವಿಯೆಟ್ನಾಮೀ ಇದೆ, ತಾಜಿಕ್ ಭಾಷೆಯದೂ ಇದೆ. ಐಬಿಎಮ್ ಕಂಪನಿಯ ಪುರಾತನ ಯಂತ್ರಗಳ ಸಂಕೇತಗಳು ಒಂದು ಡಜನಿಗಿಂತ ಹೆಚ್ಚೇ ಇವೆ. ಕನ್ನಡದ್ದು ಒಂದೂ ಇಲ್ಲ.

ಭಾರತೀಯ ಲಿಪಿಗಳಿಗೆಲ್ಲ ಈ ಉಪೇಕ್ಷೆ ಸಮಾನವೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಆ ಪಟ್ಟಿಯಲ್ಲಿ 'ಟಿಎಸ್‌ಸಿಐಐ' ಎಂಬ ಹೆಸರಿದೆ. ಅದು ತಮಿಳಿನದು. ಗಮನಿಸಬೇಕಾದ ಸಂಗತಿಯೆಂದರೆ ಟಿಎಸ್‌ಸಿಐಐ ಕೂಡ ನಮ್ಮ ನುಡಿಯಂತೆಯೇ ಅಕ್ಷರದ ಆಕಾರಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುವ ಪದ್ಧತಿ. ಜಗತ್ತಿನ ನಾನಾ ಮೂಲೆಗಳಲ್ಲಿದ್ದ ತಮಿಳರು ಮಿಂಚಂಚೆಯ ಮೂಲಕ ಚರ್ಚಿಸಿ ಒಂದು ಕೋಷ್ಟಕಕ್ಕೆ ಒಪ್ಪಿದರು. ಯಾವ ಸಂಖ್ಯೆಗೆ ಯಾವ ಆಕಾರ ಎಂಬುದನ್ನು ಬಹಿರಂಗವಾಗಿ ಪ್ರಕಟಿಸಿದರು, ಅಂತರರಾಷ್ಟ್ರೀಯ ನೋಂದಣಿಯಲ್ಲಿ ಹೆಸರು ಬರೆಯಿಸಿದರು. 2002ರಲ್ಲಿ ಗ್ನೂ ಗ್ರಂಥಾಲಯದವರು ಆ ಕೋಷ್ಟಕವನ್ನು ಐಕಾನ್ವ್‌ಗೆ ಸೇರಿಸಿದರು. ಅಂದಿನಿಂದ ಟಿಎಸ್‌ಸಿಐಐಯಲ್ಲಿರುವ ತಮಿಳು ಕಡತವನ್ನು ಜಗತ್ತಿನ ಯಾವ ಲಿನಕ್ಸ್ ಗಣಕದಲ್ಲಾದರೂ ಒಂದೇ ಸಾಲಿನ ಆಜ್ಞೆಯಿಂದ ಯೂನಿಕೋಡಿಗೆ ತರಬಹುದು. ಆಕಾರ ಬರೆಯುವ ಪದ್ಧತಿಯನ್ನು ಪರಿವರ್ತಿಸುವುದು ಅಸಾಧ್ಯ ಎಂದು ನನಗೆ ಪಾಠ ಹೇಳಲು ಬರುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ನಮ್ಮಲ್ಲಿ ಆದದ್ದೇನು? ಒಂದೊಂದು ಸಂಸ್ಥೆಗೆ ಒಂದೊಂದು ಕೋಷ್ಟಕ. ಶ್ರೀಲಿಪಿಯದು ಒಂದು, ಆಕೃತಿಯದು ಇನ್ನೊಂದು. ಒಬ್ಬರ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇನ್ನೊಬ್ಬರ ಫಾಂಟಿನಲ್ಲಿ ನೋಡಿದರೆ ಭೂತಭಾಷೆ. ಬರಹ ಮತ್ತು ನುಡಿ ಬಹುಮಟ್ಟಿಗೆ ಒಂದೇ ಕೋಷ್ಟಕವನ್ನು ಅನುಸರಿಸಿದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಗೋಜಲು ಇಮ್ಮಡಿಯಾಗುತ್ತಿತ್ತು. ಆದರೆ ಆ ಕೋಷ್ಟಕವನ್ನಾದರೂ ಒಂದು ಪುಟದಲ್ಲಿ ಅಚ್ಚುಕಟ್ಟಾಗಿ ಬರೆದು, ಹೆಸರಿಟ್ಟು, ಐಕಾನ್ವ್‌ನಂಥ ಉಪಕರಣಗಳ ಬಾಗಿಲಿಗೆ ಒಯ್ದು ನಿಲ್ಲಿಸುವ ಕೆಲಸವಾಗಲಿಲ್ಲ. ಕನ್ನಡದ ಹೆಸರಿನಲ್ಲಿ ನಡೆದ ಸಭೆ, ಸಮ್ಮೇಳನ, ನಿರ್ಣಯಗಳಿಗೆ ಕೊರತೆಯಿರಲಿಲ್ಲ. 256 ಸಾಲುಗಳ ಒಂದು ಪಟ್ಟಿಗೆ ಮಾತ್ರ ಕೊರತೆ.

(ಭಾರತ ಸರ್ಕಾರದ ಇಸ್ಕಿ ಎಂಬ ಶಿಷ್ಟ ಸಂಕೇತ 1991ರಲ್ಲಿ ಬಂದಿತ್ತಲ್ಲ ಎಂದು ತಿಳಿದವರು ಕೇಳಬಹುದು. ಬಂದಿತ್ತು. ಯುಕಾನ್ವ್ ಎಂಬ ಇನ್ನೊಂದು ಆಜ್ಞಾಸಾಲಿನ ಉಪಕರಣ ಅದನ್ನು ಬಲ್ಲದು. ಆದರೆ ನಮ್ಮ ಅಚ್ಚುಕೂಟಗಳಲ್ಲಿ ರಾಶಿಬಿದ್ದಿರುವ ಕನ್ನಡ ಇಸ್ಕಿಯಲ್ಲಿಲ್ಲ, ಫಾಂಟಿನ ಸಂಕೇತಗಳಲ್ಲಿದೆ. ಬೀಗವೊಂದು, ಬೀಗದ ಕೈ ಇನ್ನೊಂದು.)

ನುಡಿಯ ಕಡತವನ್ನು ಹಾಗೆಯೇ ಐಕಾನ್ವ್‌ಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಡತವು 'ನಾನು ಪಶ್ಚಿಮ ಯೂರೋಪಿನ ಪಠ್ಯ' ಎಂದು ಹೇಳಿಕೊಳ್ಳುತ್ತದೆ. ಐಕಾನ್ವ್ ಅದನ್ನು ನಂಬುತ್ತದೆ. ಪೌಂಡಿನ ಚಿಹ್ನೆಯನ್ನು ಯೂನಿಕೋಡಿನ ಪೌಂಡ್ ಚಿಹ್ನೆಯಾಗಿ, ಜರ್ಮನ್ ಎಸ್ಸನ್ನು ಯೂನಿಕೋಡಿನ ಜರ್ಮನ್ ಎಸ್ಸಾಗಿ ನಿಷ್ಠೆಯಿಂದ ಪರಿವರ್ತಿಸಿ ಕೊಡುತ್ತದೆ. ಉಪಕರಣ ತಪ್ಪು ಮಾಡಲಿಲ್ಲ, ಸುಳ್ಳು ಹೇಳಿದ್ದು ಕಡತ. ಸುಳ್ಳು ಸಾಕ್ಷಿ ನುಡಿದವನ ಹೇಳಿಕೆಯನ್ನು ಗುಮಾಸ್ತ ದುಂಡಗೆ ಬರೆದುಕೊಂಡಂತೆ. ಆದುದರಿಂದ ಇದರ ಮೇಲೆ ಎರಡನೆಯ ಹಂತವೊಂದು ಬೇಕು: ಯೂರೋಪಿನ ಈ ಈ ಅಕ್ಷರಗಳ ಜೋಡಣೆ ಎಂದರೆ ಕನ್ನಡದ ಈ ಅಕ್ಷರ ಎಂಬ ಕೋಷ್ಟಕ, ಮತ್ತು ಅದನ್ನು ಕ್ರಮವರಿತು ಅನ್ವಯಿಸುವ ನಿಯಮಗಳು.

ಕ್ರಮವರಿತು ಎಂದೆನಲ್ಲ, ವ್ಯಾಕರಣ ಕಲಿಸಿದ ನನಗೆ ಈ ಕೆಲಸದಲ್ಲಿ ಅತ್ಯಂತ ಆನಂದ ಕೊಟ್ಟ ಭಾಗವದು. ಸಾಮಾನ್ಯ ವಿಧಿ ಮತ್ತು ವಿಶೇಷ ವಿಧಿ ಎರಡೂ ಒಂದೇ ಕಡೆ ಪ್ರಾಪ್ತವಾದಾಗ ವಿಶೇಷವೇ ಗೆಲ್ಲಬೇಕೆಂದು ನಿಮಗೆ ಹೇಳಿಕೊಡುತ್ತಿದ್ದುದು ನೆನಪಿರಬಹುದು. ಇಲ್ಲಿಯೂ ಹಾಗೆಯೇ. ಇಂಗ್ಲಿಷ್ ಎ ಕಂಡಲ್ಲೆಲ್ಲ ಅನುಸ್ವಾರ ಹಾಕು ಎಂಬ ಸಾಮಾನ್ಯ ನಿಯಮವನ್ನು ಮೊದಲು ನಡೆಸಿದರೆ ಯಕಾರಗಳೆಲ್ಲ ಒಡೆದು ಚೂರಾಗುತ್ತವೆ. ನಾಲ್ಕು ತುಂಡಿನ ಯಕಾರವನ್ನು ಮೊದಲು ಗುರುತಿಸಿ, ಉಳಿದ ಎಗಳಿಗೆ ಮಾತ್ರ ಅನುಸ್ವಾರವನ್ನು ಕೊಡಬೇಕು. ಹಾಗೆಯೇ ಮಕಾರ ಮೊದಲು, ವಕಾರ ಅನಂತರ.

ಇನ್ನು ಅರ್ಕಾವೊತ್ತು. 'ಕರ್ನಾಟಕ' ಎನ್ನುವಾಗ ನಾಲಗೆಯ ಮೇಲೆ ಮೊದಲು ಬರುವುದು ರೇಫೆ, ಅನಂತರ ನಾ. ಯೂನಿಕೋಡ್ ಉಚ್ಚಾರದ ಕ್ರಮವನ್ನೇ ಹಿಡಿಯುತ್ತದೆ. ಫಾಂಟಿನ ಪದ್ಧತಿಯಲ್ಲಿ ಬರವಣಿಗೆಯ ಕ್ರಮ: ಮೊದಲು ನಾ, ಅದರ ಹಿಂದೆ ರೇಫೆ (ಅದರ ಸಂಕೇತ ಐಸ್‌ಲ್ಯಾಂಡಿನವರ ಒಂದು ಅಕ್ಷರ). ಪರಿವರ್ತಿಸುವಾಗ ರೇಫೆಯನ್ನು ಎತ್ತಿ ಇಡೀ ಗುಣಿತಾಕ್ಷರವನ್ನು ದಾಟಿಸಿ ಮುಂದೆ ತಂದು ಕೂರಿಸಬೇಕು. 'ಅಕ್ಕಿ' ಎಂಬಲ್ಲಿ ಫಾಂಟು ಮೊದಲು 'ಕಿ' ಬರೆದು ಕೆಳಗೆ ಒತ್ತು ಕೊಡುತ್ತದೆ. ಯೂನಿಕೋಡಿನಲ್ಲಿ ಎರಡು ಕಕಾರಗಳೂ ಮುಗಿದ ಮೇಲೆ ಗುಡಿಸು. 'ರ‍್ಯಾಂಕ್' ಪದದಲ್ಲಿ ರಕಾರ ಪೂರ್ಣವಾಗಿ ನಿಲ್ಲಬೇಕು, 'ಸೂರ್ಯ'ದಲ್ಲಿ ಅರ್ಕಾವೊತ್ತಾಗಬೇಕು. ಇದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ನಡುವೆ ಇಡಬೇಕಾಗುತ್ತದೆ. ಇವೆಲ್ಲ ಕೂಡಿದರೂ ನಿಯಮಗಳು ನಾಲ್ಕಾರು ಪುಟ ಮೀರುವುದಿಲ್ಲ.

ನಿಯಮಗಳಿಂದ ಬಿಡಿಸಲಾಗದ ತೊಡಕು ಒಂದಿದೆ. ಹಳೆಯ ಕಡತಗಳಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದಗಳೂ ಇರುತ್ತವೆ. ಇದು ಇಂಗ್ಲಿಷ್, ಇದು ಕನ್ನಡ ಎಂದು ತಿಳಿಸುವುದು ಫಾಂಟಿನ ಹೆಸರೊಂದೇ. ಫಾಂಟಿನ ಹೆಸರನ್ನು ಕಳಚಿ ಬರಿಯ ಪಠ್ಯವಾಗಿ ಉಳಿಸಿಬಿಟ್ಟರೆ ಆ ಭೇದವೇ ಅಳಿಯುತ್ತದೆ. ಆಗ ಇಂಗ್ಲಿಷಿನಲ್ಲಿ ಬರೆದ ಎಂ.ಎಲ್.ಎ. ಪರಿವರ್ತನೆಯಾಗಿ 'ಒಐಂ' ಎಂದು ಬರುತ್ತದೆ. ಶಾಸಕರು ಓಂಕಾರಕ್ಕೆ ಇಷ್ಟು ಸಮೀಪ ಬಂದದ್ದು ಬೇರೆಲ್ಲಿಯೂ ಇಲ್ಲವೆಂದು ಕಾಣುತ್ತದೆ! ಆದುದರಿಂದ ಮೂಲ ಕಡತವನ್ನು, ಫಾಂಟಿನ ಹೆಸರುಗಳ ಸಮೇತ, ಎಂದಿಗೂ ಅಳಿಸಬಾರದು.

ಇದು ಆಗುವ ಹೋಗುವ ಮಾತೇ ಎಂದು ಸಂಶಯಪಡುವವರಿಗೆ ಎದುರಿಗೇ ನಿದರ್ಶನವಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಇಂದು 'ವಚನ ಸಂಚಯ' ಎಂಬ ತಾಣದಲ್ಲಿ ಪದಪದವಾಗಿ ಹುಡುಕಲು ಸಿಗುತ್ತವೆ. ಹಳೆಯ ಫಾಂಟ್ ಸಂಕೇತದಲ್ಲಿದ್ದ ಸಮಗ್ರ ವಚನ ಸಂಪುಟಗಳ ಪಠ್ಯವನ್ನು ಯೂನಿಕೋಡಿಗೆ ತಂದು, ಓ.ಎಲ್. ನಾಗಭೂಷಣಸ್ವಾಮಿಯವರಂಥ ವಿದ್ವಾಂಸರ ಮಾರ್ಗದರ್ಶನದಲ್ಲಿ ಓಂಶಿವಪ್ರಕಾಶ್ ಮೊದಲಾದ ಉತ್ಸಾಹಿ ತಂತ್ರಜ್ಞರು ಮಾಡಿದ ಕೆಲಸವದು. ನುಡಿಯಿಂದ ಯೂನಿಕೋಡಿಗೆ ಪರಿವರ್ತಿಸುವ ಒಂದು ಪುಟ್ಟ ಮುಕ್ತ ತಂತ್ರಾಂಶವನ್ನು ಅರವಿಂದ ವಿ.ಕೆ. ಅವರು ಪೈಥಾನ್ ಭಾಷೆಯಲ್ಲಿ ಬರೆದು ಯಾರು ಬೇಕಾದರೂ ನೋಡುವಂತೆ, ತಿದ್ದುವಂತೆ ಬಿಟ್ಟುಕೊಟ್ಟಿದ್ದಾರೆ. ಅದರೊಳಗೆ ನಾನು ಮೇಲೆ ಬೇಡಿದ ಕೋಷ್ಟಕವಿದೆ. ದೊಡ್ಡ ದೊಡ್ಡ ಅನುದಾನಗಳಿಂದಾಗದ ಉಪಕಾರವನ್ನು ಬಿಡುವಿನ ವೇಳೆಯಲ್ಲಿ ಕುಳಿತ ಕೆಲವೇ ಮಂದಿ ಮಾಡಿಟ್ಟರು. ಅವರ ಹೆಸರು ಪಠ್ಯಪುಸ್ತಕದಲ್ಲಿ ಬರಬೇಕಾದದ್ದು. ಇರಲಿ.

ನನಗೆ ಈ ವಿಷಯದಲ್ಲಿ ಇಷ್ಟು ಕಳಕಳಿ ಏಕೆಂಬುದನ್ನು ನಿಮ್ಮಲ್ಲಿ ಕೆಲವರಾದರೂ ಊಹಿಸಿರುತ್ತೀರಿ. 2000ದಿಂದ 2003ರವರೆಗೆ ಮೂರು ಬೇಸಗೆಗಳಲ್ಲಿ ನೀವೇ ಅಲ್ಲವೆ ಮಧುರೆ ಹೋಬಳಿಯ ಹಳ್ಳಿಹಳ್ಳಿ ಸುತ್ತಿ ಅಜ್ಜಿಯರ ಬಾಯಿಂದ ಬೀಸುವ ಪದ, ಸೋಬಾನೆ ಪದ, ಹೊಲದ ಹೆಸರು, ಕೆರೆಯ ಕಥೆಗಳನ್ನು ನೋಟುಪುಸ್ತಕಗಳಲ್ಲಿ ಬರೆದು ತಂದವರು? ದೊಡ್ಡಬಳ್ಳಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಅವನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿಸಿದೆವು. ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದು ಹತ್ತರಲ್ಲಿ ಒಂದು ಪಾಲು. ಉಳಿದದ್ದು 38 ಕಡತಗಳಲ್ಲಿ, ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಇನ್ನೊಂದಕ್ಕೆ ವಲಸೆ ಹೋಗುತ್ತ ಬದುಕಿದೆ. ಕೈಬರಹದ ಪುಸ್ತಕಗಳು ಗೆದ್ದಲಿಗೆ ಹೋದವು. ಹಾಡಿದ ಅಜ್ಜಿಯರಲ್ಲಿ ಇಂದು ಬದುಕಿರುವವರು ಇಬ್ಬರು.

ಈ ವರ್ಷ ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಪಕ್ಕದಲ್ಲಿ ಕುಳಿತು ಆ 38 ಕಡತಗಳನ್ನೂ ಒಂದೇ ಆಜ್ಞೆಯಲ್ಲಿ ಪರಿವರ್ತಿಸಿದ. ಕಾಫಿ ಆರುವ ಮೊದಲೇ ಮುಗಿಯಿತು. ಕರಡು ತಿದ್ದುವುದು ಮಾತ್ರ ಮುಗಿದಿಲ್ಲ, ಏಕೆಂದರೆ ಈ ಹಾಡುಗಳಲ್ಲಿ ನಿಘಂಟಿನಲ್ಲಿಲ್ಲದ ಪದಗಳಿವೆ. ಒಂದು ಒತ್ತು ಜಾರಿದರೆ ಅದು ಪರಿವರ್ತನೆಯ ದೋಷವೋ, ನಮ್ಮ ಸೀಮೆಯ ಆಡುಮಾತೋ ಎಂದು ಯಂತ್ರಕ್ಕೆ ತಿಳಿಯದು. ಅದನ್ನು ಹೇಳಬಲ್ಲವರು ಆ ಇಬ್ಬರು ಅಜ್ಜಿಯರು, ಮತ್ತು ಅಂದು ಕಿವಿಯಾರೆ ಕೇಳಿ ಬರೆದುಕೊಂಡ ನೀವು. ಇಪ್ಪತ್ತು ವರ್ಷ ಕಳೆದ ಮೇಲೆ ಪರಿವರ್ತನೆ ಮಾಡಲು ಆಗಲೂ ಒಂದೇ ನಿಮಿಷ ಸಾಕು, ಸರಿಯೋ ತಪ್ಪೋ ಎಂದು ಹೇಳಲು ಮಾತ್ರ ಯಾರೂ ಇರುವುದಿಲ್ಲ. 'ಕಾಣಿಸುತ್ತದಲ್ಲ' ಎನ್ನುವವರಿಗೆ ಈ ಅವಸರ ಅರ್ಥವಾಗುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರನ್ನು ಕೇಳಿ: ಜಕಾರ್ಡಿನ ತೂತುಪಟ್ಟಿಗಳು ಅಟ್ಟದ ಮೇಲೆ ಭದ್ರವಾಗಿರಬಹುದು, ಯಾವ ಪಟ್ಟಿಯ ಹಿಂದೆ ಯಾವುದು ಎಂದು ಬಲ್ಲವನು ಹೋದರೆ ಸೀರೆಯ ಅಂಚು ಮತ್ತೆ ಮೂಡುವುದಿಲ್ಲ.

ಇನ್ನು ಆಕ್ಷೇಪಗಳು. ನಮ್ಮವರ ಕೈ ನುಡಿಗೆ ಒಗ್ಗಿದೆ, ಯೂನಿಕೋಡ್ ಹೊಸದಾಗಿ ಕಲಿಯಬೇಕು ಎಂಬುದು ಮೊದಲನೆಯದು. ಕೀಲಿಮಣೆ ಬೇರೆ, ಸಂಕೇತ ಬೇರೆ ಎಂಬ ಸಣ್ಣ ವಿವೇಕವಿಲ್ಲದೆ ಆಡುವ ಮಾತಿದು. ಅದೇ ಕೆ.ಪಿ. ರಾವ್ ವಿನ್ಯಾಸ ಇಂದು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಯೂನಿಕೋಡನ್ನೇ ಮೂಡಿಸುತ್ತದೆ. ನುಡಿಯ ಅನಂತರದ ಆವೃತ್ತಿಗಳಲ್ಲಿಯೇ ಯೂನಿಕೋಡ್ ಸೌಲಭ್ಯವಿದೆ. ಬೆರಳು ಒತ್ತುವ ಕೀಲಿ ಅದೇ, ಕಡತದಲ್ಲಿ ಉಳಿಯುವುದು ಮಾತ್ರ ಬೇರೆ. ಯೂನಿಕೋಡ್ ಕಡತ ದೊಡ್ಡದಾಗುತ್ತದೆ ಎನ್ನುತ್ತಾರೆ. ಆಗುತ್ತದೆ. ಯುಟಿಎಫ್-8ರಲ್ಲಿ ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್, ಆದ್ದರಿಂದ ಒಂಬತ್ತು ಬೈಟಿನ ಮಧುರೆ ಹದಿನೈದಾಗುತ್ತದೆ. ಮೊಮ್ಮಗನ ನಾಮಕರಣದ ಒಂದೇ ಒಂದು ಛಾಯಾಚಿತ್ರ ಇಡೀ ಕಾದಂಬರಿಗಿಂತ ಹೆಚ್ಚು ಜಾಗ ತಿನ್ನುವ ಈ ಕಾಲದಲ್ಲಿ ಆರು ಬೈಟಿನ ಜಿಪುಣತನವೆ?

ಪೇಜ್‌ಮೇಕರಿನಲ್ಲಿ ಯೂನಿಕೋಡ್ ನಡೆಯುವುದಿಲ್ಲ ಎಂಬುದು ಅಚ್ಚುಕೂಟದವರ ವಾದ. ಸತ್ಯ. ಆದರೆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದನ್ನು ತಯಾರಿಸಿದವರೇ ಅದನ್ನು ಕೈಬಿಟ್ಟು ಎರಡು ದಶಕಗಳಾದವು. ಸತ್ತ ಎತ್ತಿಗೆ ಹೊಂದುವ ನೊಗವನ್ನೇ ಇಂದಿಗೂ ಕೆತ್ತಬೇಕೆ? ಅಚ್ಚಿಗೆ ಅನಿವಾರ್ಯವಾದರೆ ಹಾಗೆಯೇ ಅಚ್ಚು ಮಾಡಲಿ, ಜೊತೆಗೆ ಯೂನಿಕೋಡಿನ ಒಂದು ಪ್ರತಿಯನ್ನು ಲೇಖಕನ ಕೈಗೆ ಕೊಡಲಿ ಎಂದಷ್ಟೇ ನನ್ನ ಬೇಡಿಕೆ.

ಪುಸ್ತಕವಿದೆಯಲ್ಲ, ಫೋಟೋ ತೆಗೆದರೆ ಗಣಕವೇ ಓದಿಕೊಳ್ಳುತ್ತದೆ ಎಂಬುದು ಈಚಿನ ಉತ್ಸಾಹ. ಹಳೆಯ ಮೊಳೆಯಚ್ಚಿನ ಪುಸ್ತಕಗಳಿಗೆ ಅದು ವರದಾನವೇ ಸರಿ. ಆದರೆ ಗಣಕದಲ್ಲಿಯೇ ಟೈಪ್ ಮಾಡಿದ್ದನ್ನು ಕಾಗದಕ್ಕಿಳಿಸಿ, ಕಾಗದದ ಚಿತ್ರ ತೆಗೆದು, ಚಿತ್ರದಿಂದ ಅಕ್ಷರವನ್ನು ಊಹಿಸಿ ಮತ್ತೆ ಗಣಕಕ್ಕೆ ಏರಿಸುವುದೆಂದರೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ.

ಇವೆಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಒಂದು ಕಚೇರಿಯ ಅನುಭವ. ಊರಿನ ಕೆರೆಯ ಬಗ್ಗೆ ಒಂದು ಮನವಿಯನ್ನು ಯೂನಿಕೋಡಿನಲ್ಲಿ ಸಿದ್ಧಪಡಿಸಿ ಕೊಟ್ಟೆ. ಇದು ನಮ್ಮಲ್ಲಿ ನಡೆಯುವುದಿಲ್ಲ, ನುಡಿಯಲ್ಲಿ ಮಾಡಿ ತನ್ನಿ ಎಂದರು. ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟ ಸಂಕೇತವೆಂದು ಕೇಂದ್ರ ಸರ್ಕಾರ 2009ರಲ್ಲಿಯೇ ಘೋಷಿಸಿದೆ, ಅನಂತರ ನಮ್ಮ ರಾಜ್ಯ ಸರ್ಕಾರವೂ ಒಪ್ಪಿದೆ ಎಂದು ವಿನಯದಿಂದ ಹೇಳಿದೆ. ಅದೆಲ್ಲ ಮೇಲಿನವರಿಗೆ ಎಂಬ ಉತ್ತರ ಬಂತು. ಆದೇಶ ಹೊರಡಿಸಿದವರು ಹಳೆಯ ಕಡತಗಳ ಗತಿಯೇನೆಂದು ಕೆಳಗಿನವರಿಗೆ ತಿಳಿಸದಿದ್ದರೆ, ಪರಿವರ್ತಿಸುವ ಉಪಕರಣವನ್ನು ಕೈಗಿಡದಿದ್ದರೆ, ಆ ಗುಮಾಸ್ತನಾದರೂ ಏನು ಮಾಡಿಯಾನು? ಅವನ ಕಪಾಟಿನಲ್ಲಿ ಹದಿನೈದು ವರ್ಷಗಳ ನುಡಿ ಕಡತಗಳಿವೆ. ಹೊಸದನ್ನು ಒಪ್ಪಿಕೊಂಡರೆ ಹಳೆಯದರೊಡನೆ ಹೊಂದುವುದಿಲ್ಲ. ಹೀಗೆ ಹಳೆಯ ಸುಳ್ಳು ಹೊಸ ಸತ್ಯವನ್ನು ಬಾಗಿಲಲ್ಲಿಯೇ ತಡೆಯುತ್ತದೆ. ಸರ್ಕಾರ ಮಾಡಬೇಕಾದದ್ದು ಇನ್ನೊಂದು ಫಾಂಟಿನ ಬಿಡುಗಡೆ ಸಮಾರಂಭವಲ್ಲ. ನುಡಿ, ಶ್ರೀಲಿಪಿ, ಆಕೃತಿ ಮೊದಲಾದ ಎಲ್ಲ ಹಳೆಯ ಕೋಷ್ಟಕಗಳನ್ನೂ ಅಧಿಕೃತವಾಗಿ ಬಹಿರಂಗಪಡಿಸಲಿ, ತಮಿಳರು ಮಾಡಿದಂತೆ ಅವನ್ನು ಐಕಾನ್ವ್‌ನ ಪಟ್ಟಿಗೆ ಸೇರಿಸಲು ಯೋಗ್ಯವಾದ ರೂಪದಲ್ಲಿ ಕೊಡಲಿ. ಸೇರಿಸುವ ಯುವಕರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಯಂತ್ರಗಳು ಭಾಷೆಯನ್ನು ಕಲಿಯುತ್ತಿರುವ ಈ ದಿನಗಳಲ್ಲಿ, ಪೌಂಡು ಮತ್ತು ಜರ್ಮನ್ ಎಸ್ಸುಗಳ ವೇಷದಲ್ಲಿರುವ ಕನ್ನಡ ಅವುಗಳ ಪಾಲಿಗೆ ಕನ್ನಡವೇ ಅಲ್ಲ ಎಂಬುದನ್ನೂ ಅವರು ಗಮನಿಸಲಿ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ತಂದೆಯವರು ಟೈಪ್ ಮಾಡಿಸಿಟ್ಟ ವಂಶಾವಳಿಯೋ, ಸಂಘದ ನಡಾವಳಿಯೋ, ಅಚ್ಚಾಗದೆ ಉಳಿದ ನಾಟಕವೋ ಹಳೆಯ ಫಾಂಟಿನಲ್ಲಿದ್ದರೆ ಹುಡುಕಿ ತೆಗೆಯಿರಿ. ಮೊದಲು ಒಂದು ನಕಲು ಮಾಡಿ ಬೇರೆ ಕಡೆ ಇಡಿ. ಆಜ್ಞೆಯನ್ನು ನೀವೇ ನಡೆಸುವುದಾದರೆ ಎರಡು ಎಚ್ಚರಿಕೆ: ಪರಿವರ್ತನೆಯ ಫಲವನ್ನು ಮೂಲ ಕಡತದ ಹೆಸರಿಗೇ ಬರೆಯಲು ಹೇಳಬೇಡಿ, ಓದುವ ಮುನ್ನವೇ ಮೂಲ ಬರಿದಾಗಿಬಿಡುತ್ತದೆ. ತಿಳಿಯದ ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟುಬಿಡು ಎಂಬ ಸೌಲಭ್ಯ ಐಕಾನ್ವ್‌ನಲ್ಲಿದೆ, ಅದನ್ನು ಬಳಸಬೇಡಿ. ಬರದ ಪದವನ್ನು ನುಂಗಿ ಓದುವ ಹುಡುಗನಿಗಿಂತ ತಡವರಿಸಿ ನಿಲ್ಲುವ ಹುಡುಗ ಮೇಲು. ನೀವೇ ಮಾಡಲಾಗದಿದ್ದರೆ ಕಡತವನ್ನೂ ಫಾಂಟಿನ ಹೆಸರನ್ನೂ ನನಗೆ ಕಳುಹಿಸಿ. ಬೀಸುವ ಪದಗಳ ಕರಡು ತಿದ್ದಲು ಬರುವವರು ಯಾವುದಾದರೂ ಭಾನುವಾರ ಬೆಳಗ್ಗೆ ಬನ್ನಿ, ಅಜ್ಜಿಯರಲ್ಲಿ ಒಬ್ಬರಿಗೆ ಮಧ್ಯಾಹ್ನದ ಮೇಲೆ ಆಯಾಸವಾಗುತ್ತದೆ. ಫ್ಲಾಪಿಯಾದರೂ ತನ್ನಿ, ಅದನ್ನು ಓದುವ ಯಂತ್ರವೊಂದು ನನ್ನಲ್ಲಿ ಇನ್ನೂ ಕೆಲಸ ಮಾಡುತ್ತಿದೆ.